ಕಥೆಯೊಳಗೆ ಅಜ್ಜಿಗೇನು ಕೆಲಸ?

ಮಕ್ಕಳ ಚಿತ್ರಪುಸ್ತಕದಲ್ಲಿ ಬರುವ ಅಜ್ಜಿ ಹೇಗಿರುತ್ತಾಳೆ ಎಂಬುದನ್ನು ಪುಸ್ತಕ ತೆರೆಯುವ ಮೊದಲೇ ಹೇಳಿಬಿಡಬಹುದು. ಬೆಳ್ಳಗಿನ ತುರುಬು, ಮೂಗಿನ ತುದಿಗೆ ಜಾರಿದ ಕನ್ನಡಕ, ಬೊಚ್ಚು ಬಾಯಿ, ಕೈಯಲ್ಲೊಂದು ಉಂಡೆಯ ಡಬ್ಬಿ, ಸುತ್ತ ಕೂತ ಮೊಮ್ಮಕ್ಕಳು. ಹಿಂದೆ ಹೆಂಚಿನ ಮನೆ, ಬಾವಿ, ಒಂದು ಮಾವಿನ ಮರ. ಕಾಲ ಯಾವಾಗಲೂ ಬೇಸಿಗೆ ರಜೆ. ಅಜ್ಜನೂ ಇದ್ದರೆ ಅವನಿಗೊಂದು ಊರುಗೋಲು, ಒಂದು ಆರಾಮಕುರ್ಚಿ. ಇಬ್ಬರಿಗೂ ಪುಸ್ತಕದೊಳಗೆ ಇರುವುದು ಒಂದೇ ಕೆಲಸ, ಕೊಡುವುದು. ಕಥೆ ಕೊಡುತ್ತಾರೆ, ತಿಂಡಿ ಕೊಡುತ್ತಾರೆ, ಬುದ್ಧಿವಾದ ಕೊಡುತ್ತಾರೆ. ತಮಗೆಂದು ಏನನ್ನೂ ಕೇಳುವುದಿಲ್ಲ, ಯಾವುದಕ್ಕೂ ಆಸೆಪಡುವುದಿಲ್ಲ, ಸಿಟ್ಟಾಗುವುದಿಲ್ಲ, ಕಾಯಿಲೆ ಬೀಳುವುದಿಲ್ಲ. ಇಷ್ಟು ಪ್ರೀತಿಯಿಂದ ತುಂಬಿದ ಪುಸ್ತಕಗಳನ್ನು ದೂರುವುದು ಕಷ್ಟ. ಆದರೂ ದೂರಬೇಕಾಗಿದೆ. ಹಿರಿಯರನ್ನು ಬರೀ ಕೊಡುವವರನ್ನಾಗಿ ತೋರಿಸುವ ಪುಸ್ತಕ ಅವರಿಗೆ ಗೌರವ ಸಲ್ಲಿಸಿದಂತೆ ಕಾಣುತ್ತದೆಯೇ ಹೊರತು, ಅವರನ್ನು ಪೂರ್ತಿ ಮನುಷ್ಯರೆಂದು ಒಪ್ಪಿಕೊಂಡಿರುವುದಿಲ್ಲ. ಜೊತೆಗೆ ಮಗುವಿನ ಪಾಲಿಗೂ ಕೈಚಾಚಿ ಪಡೆಯುವುದೊಂದನ್ನು ಬಿಟ್ಟರೆ ಮತ್ತೇನೂ ಉಳಿದಿರುವುದಿಲ್ಲ. ಈ ಜಾತಿಯ ಪುಸ್ತಕಗಳಲ್ಲಿ ಬಹುಕಾಲ ಬಾಳಿದವನ್ನು ತೆಗೆದು ನೋಡಿದರೆ ಅಲ್ಲಿನ ವ್ಯವಹಾರ ಉಲ್ಟಾ ನಡೆದಿರುತ್ತದೆ. ಅಜ್ಜಿಗೆ ಏನೋ ಬೇಕಾಗಿದೆ, ಅದನ್ನು ಒದಗಿಸಬಲ್ಲದ್ದು ಮಗು ಮಾತ್ರ.

ನಮ್ಮ ನಾಡಿನದೇ ಒಂದು ಉದಾಹರಣೆ ಎದುರಿಗಿದೆ. ಸುಧಾ ಮೂರ್ತಿಯವರು ತಮ್ಮ ಅಜ್ಜಿಗೆ ಅಕ್ಷರ ಕಲಿಸಿದ ಪ್ರಸಂಗವನ್ನು ಬರೆದದ್ದು ಕಟ್ಟುನಿಟ್ಟಾಗಿ ನೋಡಿದರೆ ಚಿತ್ರಪುಸ್ತಕವಲ್ಲ. ಆದರೆ ಭಾರತದ ಶಾಲಾಮಕ್ಕಳಿಗೆ ಗೊತ್ತಿರುವ ಅಜ್ಜಿ–ಮೊಮ್ಮಗಳ ಕಥೆಗಳಲ್ಲಿ ಅದರಷ್ಟು ಪ್ರಸಿದ್ಧವಾದವು ಕಡಿಮೆ. ಸಿಬಿಎಸ್‌ಇಯ ಒಂಬತ್ತನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲೂ ಅದು ಇತ್ತು. ಉತ್ತರ ಕರ್ನಾಟಕದ ಒಂದು ಹಳ್ಳಿ. ‘ಕರ್ಮವೀರ’ ವಾರಪತ್ರಿಕೆಯಲ್ಲಿ ತ್ರಿವೇಣಿಯವರ ‘ಕಾಶೀಯಾತ್ರೆ’ ಧಾರಾವಾಹಿಯಾಗಿ ಬರುತ್ತಿದೆ. ಓದು ಬಾರದ ಅಜ್ಜಿ ವಾರವಾರವೂ ಮೊಮ್ಮಗಳಿಂದ ಓದಿಸಿ ಕೇಳುತ್ತಾಳೆ. ಹುಡುಗಿ ಮದುವೆಗೆಂದು ಪಕ್ಕದೂರಿಗೆ ಹೋಗಿದ್ದಾಗ ಪತ್ರಿಕೆ ಮನೆಗೆ ಬರುತ್ತದೆ, ಅಜ್ಜಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಆಗ 62ನೇ ವಯಸ್ಸಿನಲ್ಲಿ ಓದು ಕಲಿಯಲು ಕೂರುತ್ತಾಳೆ, ದಸರೆಯ ಸರಸ್ವತಿ ಪೂಜೆಯನ್ನು ಗಡುವು ಇಟ್ಟುಕೊಂಡು. ಕೊನೆಗೆ ಕಲಿಸಿದ ಗುರುವೆಂದು ಮೊಮ್ಮಗಳ ಕಾಲು ಮುಟ್ಟಿ ನಮಸ್ಕರಿಸುತ್ತಾಳೆ. ಇದನ್ನು ಸಾಕ್ಷರತೆಯ ಮಹತ್ವ ಸಾರುವ ಕಥೆಯೆಂದು ಶಾಲೆಗಳಲ್ಲಿ ಪಾಠ ಮಾಡುತ್ತಾರೆ. ಮಾಡಲಿ. ಆದರೆ ಕಥೆಗೆ ಜೀವ ಬಂದಿರುವುದು ಬೇರೆ ಕಡೆಯಿಂದ. ಈ ಅಜ್ಜಿಗೆ ಬೇಕಾಗಿರುವುದು ಮೋಕ್ಷವಲ್ಲ, ಮೊಮ್ಮಕ್ಕಳ ಏಳಿಗೆಯೂ ಅಲ್ಲ, ಧಾರಾವಾಹಿಯ ಮುಂದಿನ ಕಂತು. ಕಥೆ ಹೇಳಬೇಕಾದ ಅಜ್ಜಿಯೇ ಇಲ್ಲಿ ಕಥೆಗಾಗಿ ಚಡಪಡಿಸುತ್ತಿದ್ದಾಳೆ, ಅದೂ ಇನ್ನೊಬ್ಬಳು ಮುದುಕಿಯ ಆಸೆಯ ಕಥೆಗಾಗಿ. ಈ ಸಣ್ಣ ಚಪಲ ಇಲ್ಲದಿದ್ದರೆ ಆ ಬರಹ ಇಷ್ಟು ವರ್ಷ ಉಳಿಯುತ್ತಿರಲಿಲ್ಲ.

ಚಿತ್ರಪುಸ್ತಕಕ್ಕೇ ಬಂದರೆ, 1980ರ ದಶಕದ ಮೊದಲರ್ಧದಲ್ಲಿ ಇಂಗ್ಲಿಷಿನಲ್ಲಿ ಬಂದ ಮೂರು ಪುಸ್ತಕಗಳನ್ನು ನೋಡಬೇಕು. ಅಮೆರಿಕದ ಟಾಮಿ ಡಿಪಾವ್ಲಾ 1981ರಲ್ಲಿ ಮಾಡಿದ ಪುಸ್ತಕದಲ್ಲಿ ಮೊಮ್ಮಗನಿಗೆ ಒಂದೊಂದೇ ಹೆಜ್ಜೆ ಇಡಿಸಿ ನಡಿಗೆ ಕಲಿಸಿದ ತಾತನಿಗೆ ಪಾರ್ಶ್ವವಾಯು ಹೊಡೆಯುತ್ತದೆ, ಮಾತು ಹೋಗುತ್ತದೆ, ಯಾರ ಗುರುತೂ ಸಿಗದಂತಾಗುತ್ತದೆ. ಮೊದಮೊದಲು ಹೆದರುವ ಹುಡುಗ, ತಾವಿಬ್ಬರೂ ಆಡುತ್ತಿದ್ದ ಮರದ ಬಿಲ್ಲೆಗಳ ಆಟವನ್ನೇ ಹಿಡಿದು ತಾತನನ್ನು ಮತ್ತೆ ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಾನೆ. ಕೊನೆಗೆ ತಾತನಿಗೆ ಹೆಜ್ಜೆ ಇಡಲು ಕಲಿಸುವವನೂ ಅವನೇ. ಆಸ್ಟ್ರೇಲಿಯಾದ ಮೆಮ್ ಫಾಕ್ಸ್ ಬರೆದು ಜೂಲಿ ವಿವಾಸ್ ಚಿತ್ರ ರಚಿಸಿದ 1984ರ ‘ವಿಲ್‌ಫ್ರಿಡ್ ಗಾರ್ಡನ್ ಮೆಕ್‌ಡೊನಾಲ್ಡ್ ಪಾರ್ಟ್‌ರಿಜ್’ನಲ್ಲಿ ವೃದ್ಧಾಶ್ರಮದ ಪಕ್ಕದ ಮನೆಯ ಪುಟ್ಟ ಹುಡುಗನಿಗೆ, ತನ್ನ ಅಚ್ಚುಮೆಚ್ಚಿನ 96 ವರ್ಷದ ಮುದುಕಿ ನೆನಪು ಕಳೆದುಕೊಂಡಿದ್ದಾಳೆಂದು ಗೊತ್ತಾಗುತ್ತದೆ. ಕಳೆದುಹೋದದ್ದನ್ನು ಹುಡುಕಿ ತಂದುಕೊಟ್ಟರಾಯಿತಲ್ಲ ಎಂದುಕೊಂಡು ಅವನು ಬುಟ್ಟಿಯಲ್ಲಿ ಚಿಪ್ಪು, ಬೊಂಬೆ, ಪದಕ, ಚೆಂಡು, ಆಗತಾನೇ ಇಟ್ಟ ಬೆಚ್ಚಗಿನ ಮೊಟ್ಟೆ ಎಲ್ಲ ತುಂಬಿಕೊಂಡು ಹೋಗುತ್ತಾನೆ. ಅವಳು ಅವನ ಸ್ವಂತ ಅಜ್ಜಿಯೂ ಅಲ್ಲ ಎಂಬುದು ಈ ಪುಸ್ತಕದ ಇನ್ನೊಂದು ಚೆಲುವು. ಅದೇ ವರ್ಷ ಬಂದದ್ದು ಇಂಗ್ಲೆಂಡಿನ ಜಾನ್ ಬರ್ನಿಂಗ್‌ಹ್ಯಾಮ್‌ನ ‘ಗ್ರ್ಯಾನ್‌ಪಾ’. ಅದರಲ್ಲಿ ನಿರೂಪಕನೇ ಇಲ್ಲ. ಮುದುಕ ಒಂದು ಹೇಳುತ್ತಾನೆ, ಮೊಮ್ಮಗಳು ಇನ್ನೊಂದು ಹೇಳುತ್ತಾಳೆ, ಎಷ್ಟೋ ಸಲ ಎರಡಕ್ಕೂ ತಾಳೆಯಿಲ್ಲ. ಒಂದು ಪುಟದಲ್ಲಿ ಇಬ್ಬರೂ ಜಗಳವಾಡಿ ಬೆನ್ನು ತಿರುಗಿಸಿ ನಿಂತಿದ್ದಾರೆ. ಕೊನೆಯಲ್ಲಿ ಖಾಲಿ ಕುರ್ಚಿ, ಅದನ್ನೇ ನೋಡುತ್ತಿರುವ ಹುಡುಗಿ. ಮಾತು ಒಂದೂ ಇಲ್ಲ.

ಮಾತು ಬೇಡವಾದದ್ದು ಯಾಕೆಂದರೆ ಚಿತ್ರಪುಸ್ತಕ ಇಬ್ಬರು ಒಟ್ಟಿಗೆ ಓದುವ ವಸ್ತು. ದೊಡ್ಡವರು ಅಕ್ಷರ ಓದುತ್ತಾರೆ, ಮಗು ಚಿತ್ರ ಓದುತ್ತದೆ, ಹಾಗಾಗಿ ಬಹಳ ಸಲ ಮಗುವಿಗೇ ಮೊದಲು ತಿಳಿದಿರುತ್ತದೆ. ಮುಪ್ಪು ಎಂಬುದೂ ಮೊದಲು ಕಣ್ಣಿಗೆ ಬೀಳುವ ಸಂಗತಿ: ನಡಿಗೆ ನಿಧಾನವಾಗುವುದು, ಕೈ ನಡುಗುವುದು, ಕೂತಲ್ಲಿಂದ ಏಳಲು ಗೋಡೆ ಹಿಡಿಯುವುದು. ನಾಲ್ಕು ವರ್ಷದ ಮಗುವಿಗೆ ಇದನ್ನು ವಾಕ್ಯದಲ್ಲಿ ಹೇಳಹೊರಟರೆ ಉಪದೇಶವಾಗುತ್ತದೆ, ಗೆರೆಯಲ್ಲಿ ತೋರಿಸಿದರೆ ತಾನೇ ಗುರುತಿಸುತ್ತದೆ. ಕನ್ನಡದ ಮಕ್ಕಳ ಸಾಹಿತ್ಯಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. ಪಂಜೆ ಮಂಗೇಶರಾಯರು ಬಾಲ ಸಾಹಿತ್ಯ ಮಂಡಲ ಕಟ್ಟಿದ್ದು 1921ರಲ್ಲಿ, ಶಿವರಾಮ ಕಾರಂತರ ‘ಬಾಲಪ್ರಪಂಚ’ 1936ರದು. ಪದ್ಯದಲ್ಲಿ, ಪ್ರಾಸದಲ್ಲಿ, ಜ್ಞಾನ ಕೊಡುವ ಗದ್ಯದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಆದರೆ ಚಿತ್ರ ನಮ್ಮಲ್ಲಿ ಬಹುಕಾಲ ಪದ್ಯದ ಪಕ್ಕದ ಅಲಂಕಾರವಾಗಿಯೇ ಉಳಿಯಿತು. ಕಥೆಯ ಅರ್ಧ ಭಾರವನ್ನು ಚಿತ್ರವೇ ಹೊರುವ ಪುಸ್ತಕಗಳು ಕನ್ನಡಕ್ಕೆ ಹೆಚ್ಚಾಗಿ ಬಂದದ್ದು ಕಳೆದ ಮೂರು ದಶಕಗಳಲ್ಲಿ, ಅದೂ ಬಹುಪಾಲು ಅನುವಾದದ ಮೂಲಕ. 1996ರಲ್ಲಿ ಶುರುವಾದ ಚೆನ್ನೈನ ತೂಲಿಕಾ, 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್, ಎರಡೂ ಹಲವು ಭಾಷೆಗಳಲ್ಲಿ ಏಕಕಾಲಕ್ಕೆ ಪುಸ್ತಕ ತರುವ ಸಂಸ್ಥೆಗಳು.

ಈ ಹೊಸ ಪುಸ್ತಕಗಳಲ್ಲಿ ಅಜ್ಜಿಗೆ ಬೇರೆ ಉದ್ಯೋಗ ಸಿಕ್ಕಿದೆ ಎಂಬುದು ಸಮಾಧಾನದ ವಿಷಯ. ಪ್ರಥಮ್ ಬುಕ್ಸ್‌ಗಾಗಿ ರಾಜೀವ್ ಐಪ್ ಮಾಡಿದ ಪುಸ್ತಕವೊಂದರಲ್ಲಿ ಅಮ್ಮಚ್ಚಿ ಯಂತ್ರಗಳ ತಯಾರಕಿ. ಮೊಮ್ಮಗ ಸೂರಜ್ ಜೊತೆ ಕೊಬ್ಬರಿ ಬರ್ಫಿ ಮಾಡಲು ಹೊರಟವಳು ಮರದಿಂದ ತೆಂಗಿನಕಾಯಿ ಇಳಿಸುವುದರಿಂದ ಹಿಡಿದು ಪ್ರತಿ ಹಂತಕ್ಕೂ ರಾಟೆ, ಸನ್ನೆಕೋಲು, ಇಳಿಜಾರು ಹಲಗೆಗಳನ್ನು ಹೂಡುತ್ತಾಳೆ. ಸಂಪ್ರದಾಯದ ತಿಂಡಿಯೂ ಇದೆ, ವಿಜ್ಞಾನವೂ ಇದೆ, ಇಬ್ಬರೂ ಬೆವರು ಸುರಿಸುವುದೂ ಇದೆ. ಹಳೆಯ ಕಾಲ ಎಷ್ಟು ಚೆನ್ನಾಗಿತ್ತು ಎಂಬ ಹಳಹಳಿಕೆ ಮಾತ್ರ ಇಲ್ಲ. ನಾನು ಹೇಳುತ್ತಿರುವುದಕ್ಕೆ ಇದು ಪೂರ್ತಿ ಹೊಂದುವ ಪುಸ್ತಕವಲ್ಲ, ಇಲ್ಲಿ ಅಮ್ಮಚ್ಚಿಗೆ ಕೊರತೆಯೇನೂ ಇಲ್ಲ. ಆದರೆ ಅಜ್ಜಿ ಕೂತಲ್ಲೇ ಕೂರದೆ ಎದ್ದು ಓಡಾಡುವುದೂ ಒಂದು ಬದಲಾವಣೆಯೇ.

ಪುಸ್ತಕದ ಅಜ್ಜಿ ಎದ್ದು ಓಡಾಡುವ ಮುಂಚೆಯೇ ಮನೆಯ ಅಜ್ಜಿ ಓಡಾಡಲು ಶುರುಮಾಡಿ ಬಹಳ ಕಾಲವಾಯಿತು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ 9.5ರಷ್ಟಿದ್ದರು, ಆ ಪ್ರಮಾಣ ಏರುತ್ತಲೇ ಇದೆ. ಇವರೆಲ್ಲ ಮಾವಿನ ಮರದ ಕೆಳಗೆ ಕೂತಿಲ್ಲ. ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯಿಂದ ಬೆಂಗಳೂರಿಗೋ ಗೋವೆಗೋ ಗುಳೆ ಹೋಗುವವರು ಶಾಲೆಗೆ ಹೋಗುವ ಮಕ್ಕಳನ್ನು ಎಷ್ಟೋ ಸಲ ಊರಲ್ಲಿ ಮುದುಕರ ವಶಕ್ಕೆ ಬಿಟ್ಟು ಹೋಗುತ್ತಾರೆ. ಅಲ್ಲಿ ಅಜ್ಜಿ ಬೇಸಿಗೆ ರಜೆಯ ಆತಿಥೇಯಳಲ್ಲ. ರೇಷನ್ ತರುವವಳು, ಬೆಳಗ್ಗೆ ಎಬ್ಬಿಸಿ ಶಾಲೆಗೆ ಅಟ್ಟುವವಳು, ಪ್ರಗತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತುವವಳು. ಕೂಲಿ ಸಿಕ್ಕ ದಿನ ಕೂಲಿಗೂ ಹೋಗುತ್ತಾಳೆ. ಊರು ಬಿಟ್ಟು ಗಾರ್ಮೆಂಟ್ಸ್ ಕೆಲಸಕ್ಕೆ ಬಂದ ಹೆಣ್ಣುಮಕ್ಕಳ ಕೂಸುಗಳು ಬೆಳೆಯುವುದೂ ಹೀಗೆಯೇ. ಇನ್ನೊಂದು ಕಡೆ, ಹಾಸನದ ಹಳ್ಳಿಯಿಂದ ಮಗನ ಮನೆಗೆಂದು ಬೆಂಗಳೂರಿನ ಹದಿಮೂರನೇ ಮಹಡಿಗೆ ಬಂದ ಅಜ್ಜಿಯನ್ನು ಯೋಚಿಸಿ. ಅಕ್ಕಪಕ್ಕದವರ ಭಾಷೆ ಗೊತ್ತಿಲ್ಲ, ಲಿಫ್ಟಿನ ಗುಂಡಿ ಒತ್ತಲು ಅಂಜಿಕೆ. ಐದು ವರ್ಷದ ಮೊಮ್ಮಗುವಿಗೆ ಎಲ್ಲವೂ ಗೊತ್ತು. ಬಾಣಂತನಕ್ಕೆಂದು ಡಲ್ಲಾಸಿಗೋ ನ್ಯೂಜೆರ್ಸಿಗೋ ಹೋಗಿ ಆರು ತಿಂಗಳು ನಿಂತ ಅಜ್ಜಿಯ ಪಾಡೂ ಇದೇ. ಮನೆಯ ದೊಡ್ಡ ಮೊಮ್ಮಗಳೇ ಅವಳಿಗೆ ದುಭಾಷಿ, ದಾರಿ ತೋರಿಸುವವಳು. ಅಂದರೆ ಈಗಿನ ಕನ್ನಡದ ಬದುಕು ಉಲ್ಟಾ ವ್ಯವಹಾರದ ಕಥೆಗಳನ್ನು ಧಾರಾಳವಾಗಿ ಎದುರಿಗೆ ಹಾಕಿದೆ. ಬರೆಯುವವರು ಮಾತ್ರ ಇನ್ನೂ ಬಾವಿಕಟ್ಟೆ ಬಿಟ್ಟು ಎದ್ದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದೇ. ಕಾಯಿಲೆ, ಮರೆವು, ಸಾವು ಇವನ್ನೆಲ್ಲ ಐದು ವರ್ಷದ ಮಗುವಿನ ಮುಂದೆ ಯಾಕೆ ಹರವಬೇಕು, ಅದಕ್ಕೆಲ್ಲ ಮುಂದೆ ಕಾಲವಿದೆ ಎಂಬುದು. ಪ್ರಶ್ನೆ ಅಪ್ರಾಮಾಣಿಕವಲ್ಲ, ಆದರೆ ಕೇಳುತ್ತಿರುವುದು ಯಾವ ಭಾಷೆಯವರು ಎಂಬುದನ್ನು ನೆನಪಿಡಬೇಕು. ತಲೆಮಾರುಗಳಿಂದ ನಾವು ಮಕ್ಕಳಿಗೆ ಗೋವಿನ ಹಾಡು ಕಲಿಸುತ್ತ ಬಂದಿದ್ದೇವೆ. ಸಾಯಲು ಹೊರಟ ತಾಯಿ ಕರುವನ್ನು ಉಳಿದ ಹಸುಗಳ ಕೈಗೊಪ್ಪಿಸಿ ಹೋಗುವ ಹಾಡು ಅದು. ಕಡೆಗೆ ಹುಲಿ ತಾನೇ ಪ್ರಾಣ ಬಿಡುತ್ತದೆ. ಪಠ್ಯದಲ್ಲಿಟ್ಟು, ಬಾಯಿಪಾಠ ಮಾಡಿಸಿ, ಶಾಲಾ ವಾರ್ಷಿಕೋತ್ಸವದಲ್ಲಿ ಬಾಲ ಕಟ್ಟಿ ಆಡಿಸಿ, ಮಕ್ಕಳು ಅತ್ತರೆ ಹಾಡು ನಾಟಿತು ಎಂದು ಸಂತೋಷಪಟ್ಟಿದ್ದೇವೆ. ಆ ಹಾಡಿಗಿಂತ ಕಠಿಣವಾದದ್ದನ್ನು ಯಾವ ಚಿತ್ರಪುಸ್ತಕವೂ ಮಗುವಿನ ಮುಂದಿಟ್ಟಿಲ್ಲ. ಸಾವನ್ನು ಮರೆಮಾಚುವ ಅಭ್ಯಾಸ ಪರಂಪರೆಯದಲ್ಲ, ಇತ್ತೀಚಿನದು. ಸತ್ತವರು ಮತ್ತೆ ಬರುವುದಿಲ್ಲ ಎಂಬ ಅರಿವು ಮಕ್ಕಳಲ್ಲಿ ಸಾಮಾನ್ಯವಾಗಿ ಐದರಿಂದ ಏಳು ವರ್ಷದ ನಡುವೆ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಅಜ್ಜಿ ಊರಿಗೆ ಹೋಗಿದ್ದಾಳೆ ಎಂದರೆ ಮಗು ಬಸ್ಸಿನ ದಾರಿ ಕಾಯುತ್ತದೆ, ನಿದ್ದೆ ಹೋಗಿದ್ದಾಳೆ ಎಂದರೆ ತಾನು ಮಲಗಲು ಹೆದರುತ್ತದೆ. ಚತುರಾ ರಾವ್ ಬರೆದು ಕೃಷ್ಣ ಬಾಲ ಶೆಣೈ ಚಿತ್ರ ಬಿಡಿಸಿದ ತೂಲಿಕಾದ ‘ಗಾನ್ ಗ್ರ್ಯಾಂಡ್‌ಮದರ್’ ಹಿಡಿದಿರುವುದು ಸರಿಯಾಗಿ ಈ ಎಳೆಯನ್ನೇ. ಅಜ್ಜಿ ಎಲ್ಲಿಗೆ ಹೋದಳು ಎಂದು ನೀನಾ ಎಂಬ ಹುಡುಗಿ ಕೇಳುತ್ತಾಳೆ, ಪುಸ್ತಕ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ಹಾಗೆಂದು ಪ್ರತಿ ಅಜ್ಜಿಯನ್ನೂ ಕೊನೆಯ ಪುಟದಲ್ಲಿ ಸಾಯಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಈಗ ಅದೂ ಒಂದು ಚಾಳಿಯಾಗಿ, ಪುಸ್ತಕದಲ್ಲಿ ತಾತ ಕಾಣಿಸಿಕೊಂಡ ಕೂಡಲೇ ಓದುಗರಿಗೆ ಅನುಮಾನ ಬರುವಂತಾಗಿದೆ.

ಎರಡನೆಯ ಆಕ್ಷೇಪ ಮರ್ಯಾದೆಯದು. ಹಿರಿಯರನ್ನು ಅಸಹಾಯಕರನ್ನಾಗಿ, ಮರೆಗುಳಿಗಳನ್ನಾಗಿ, ಹಟಮಾರಿಗಳನ್ನಾಗಿ ಬರೆದರೆ ಮಕ್ಕಳು ನಗುವುದಿಲ್ಲವೆ? ನಗುತ್ತಾರೆ, ನಗಲಿ. ಪ್ರಿಯಾ ಕುರಿಯನ್ ಅವರ ‘ಅಮ್ಮಚ್ಚೀಸ್ ಗ್ಲಾಸಸ್’ ಪೂರ್ತಿ ನಿಂತಿರುವುದೇ ಅಂಥ ನಗುವಿನ ಮೇಲೆ. ಬೆಳಗ್ಗೆ ಎದ್ದ ಅಮ್ಮಚ್ಚಿಗೆ ಕನ್ನಡಕ ಸಿಗುವುದಿಲ್ಲ, ಅಲ್ಲಿಂದ ಮುಂದೆ ಮನೆಯಲ್ಲಿ ನಡೆಯುವುದೆಲ್ಲ ಗಲಾಟೆ. ಆದರೆ ಅವಳು ಯಾರ ಕರುಣೆಗೂ ಕಾಯುವುದಿಲ್ಲ, ಕಣ್ಣು ಕಾಣದಿದ್ದರೂ ಠೀವಿಯಲ್ಲೇ ಮುಂದುವರಿಯುತ್ತಾಳೆ. ಹಾಸ್ಯಕ್ಕೂ ಅಪಹಾಸ್ಯಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ನಮಗಿಂತ ಬೇಗ ತಿಳಿಯುತ್ತದೆ. ನಿಜವಾದ ಅಗೌರವ ಇರುವುದು ಬೇರೆ ಕಡೆ: ಪುಸ್ತಕದ ಅಜ್ಜಿಯನ್ನು ಪೂಜೆಗಿಟ್ಟು, ಮನೆಯ ಅಜ್ಜಿ ಎರಡನೇ ಸಲ ಅದೇ ಮಾತು ಕೇಳಿದಾಗ ರೇಗುವುದರಲ್ಲಿ. ಮರೆಯುವ ಅಜ್ಜಿಯನ್ನು ಪುಸ್ತಕದಲ್ಲಿ ಎಂದೂ ನೋಡಿರದ ಮಗು, ಮನೆಯಲ್ಲಿ ನೋಡಿದಾಗ ದೊಡ್ಡವರ ಆ ರೇಗುವಿಕೆಯನ್ನಷ್ಟೇ ಕಲಿಯುತ್ತದೆ.

ಇವೆರಡಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಕಥೆ ಹೇಳುವ ಅಜ್ಜಿ ಕಲ್ಪನೆಯೇನಲ್ಲ, ಇದ್ದವಳು. ಅವಳ ಜೊತೆಗೇ ಕಥೆಗಳೂ ಹೋಗುತ್ತಿವೆ, ಕೊನೇಪಕ್ಷ ಪುಸ್ತಕದಲ್ಲಾದರೂ ಅವಳನ್ನು ಉಳಿಸಿಕೊಳ್ಳಬಾರದೇ ಎಂಬುದು. ಕನ್ನಡದ ಜನಪದ ಕಥೆಗಳನ್ನು ಸಂಗ್ರಹಿಸಿದ ಎ.ಕೆ. ರಾಮಾನುಜನ್ ಅವು ಅಡುಗೆಮನೆಯಲ್ಲಿ, ಮಕ್ಕಳಿಗೆ ಊಟ ಮಾಡಿಸುವ ಹೊತ್ತಿನಲ್ಲಿ, ಮನೆಯ ಹಿರಿಯ ಹೆಂಗಸರ ಬಾಯಿಂದ ಬರುವಂಥವು ಎಂದು ಬರೆದಿದ್ದಾರೆ. ಅವರೇ ಪ್ರಸಿದ್ಧಗೊಳಿಸಿದ ಕನ್ನಡದ ಒಂದು ಕಥೆ ಈ ಆಕ್ಷೇಪಕ್ಕೆ ಒಳಗಿನಿಂದಲೇ ಉತ್ತರ ಕೊಡುತ್ತದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ, ಆದರೆ ಯಾರಿಗೂ ಹೇಳುವುದಿಲ್ಲ. ಒಳಗೇ ಕೂತು ಉಸಿರುಗಟ್ಟಿದ ಅವು ಅವಳು ಮಲಗಿದ್ದಾಗ ಹೊರಬಿದ್ದು, ಜೋಡು ಮತ್ತು ಅಂಗಿಯ ರೂಪ ತಾಳಿ ಗಂಡ–ಹೆಂಡಿರ ನಡುವೆ ಜಗಳ ಹಚ್ಚುತ್ತವೆ. ಹೇಳುವುದು ಕೇಳುವವರ ಮೇಲಿನ ಉಪಕಾರವಷ್ಟೇ ಅಲ್ಲ, ಹೇಳುವವಳ ಗರಜೂ ಹೌದು ಎಂಬುದನ್ನು ನಮ್ಮ ಜನಪದರು ಚೆನ್ನಾಗಿ ಬಲ್ಲವರಾಗಿದ್ದರು. ಅತ್ತೆ–ಸೊಸೆ, ಸವತಿ, ತವರು ಎಂದು ಬರುವ ಆ ಕಥೆಗಳಲ್ಲಿ ಹೇಳುವ ಹೆಂಗಸಿನ ಸ್ವಂತ ಸಂಕಟ ಹರಿದಿದೆ. ಚಿತ್ರಪುಸ್ತಕ ಅದನ್ನು ಸೋಸಿ, ನೀತಿಯ ಭಾಗವನ್ನಷ್ಟೇ ಇಟ್ಟುಕೊಂಡು, ಹೇಳುವವಳನ್ನು ಟೇಪ್ ರೆಕಾರ್ಡರ್ ಮಾಡಿಬಿಟ್ಟಿತು. ಕಥೆ ಹೇಳುವ ಅಜ್ಜಿ ಇರಲಿ, ಆದರೆ ಅದೇ ಕಥೆಯನ್ನು ಅವಳು ಯಾಕೆ ಹೇಳುತ್ತಾಳೆ, ಕೇಳಲು ಯಾರೂ ಇಲ್ಲದಿದ್ದರೆ ಅವಳಿಗೇನಾಗುತ್ತದೆ ಎಂಬುದೂ ಅಲ್ಲಿರಲಿ.

ಇಷ್ಟಕ್ಕೂ ಈ ಪುಸ್ತಕಗಳನ್ನು ಮಗುವಿಗೆ ಓದಿ ಹೇಳುವವರು ಯಾರು? ನಗರದ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಇಂಗ್ಲಿಷ್ ಪುಸ್ತಕ ಹಿಡಿಯುತ್ತಾರೆ. ಕನ್ನಡ ಪುಸ್ತಕ ಬಂದರೆ ಅದು ಅಜ್ಜ ಅಜ್ಜಿಯರ ಪಾಲು. ಹಳ್ಳಿಯಲ್ಲಿ ಸಮಸ್ಯೆ ಬೇರೆ. 2011ರಲ್ಲಿ ಕರ್ನಾಟಕದ ಮಹಿಳಾ ಸಾಕ್ಷರತೆ ಶೇ 68 ಇತ್ತು, ವಯಸ್ಸಾದ ಹೆಂಗಸರಲ್ಲಿ ಅದಕ್ಕಿಂತ ಬಹಳ ಕಡಿಮೆ. ಅಂದರೆ ಅಜ್ಜಿಯ ಬಗ್ಗೆ ಬಂದ ಪುಸ್ತಕವನ್ನು ಅಜ್ಜಿಯೇ ಓದಲಾರಳು. ‘ಅಮ್ಮಚ್ಚೀಸ್ ಗ್ಲಾಸಸ್’ನಂತಹ ಮಾತಿಲ್ಲದ ಪುಸ್ತಕಕ್ಕೆ ಇಲ್ಲಿ ದೊಡ್ಡ ಬೆಲೆ. ಅದನ್ನು ಹೆಬ್ಬೆಟ್ಟಿನ ಅಜ್ಜಿಯೂ ಅಂಗನವಾಡಿಯ ಮಗುವೂ ಸರಿಸಮನಾಗಿ ಓದಬಹುದು, ಅನುವಾದದ ಹಂಗೂ ಇಲ್ಲ. ಅಕ್ಷರವಿರುವ ಪುಸ್ತಕಗಳಲ್ಲೂ ಅಚ್ಚನ್ನು ಒಂದಿಷ್ಟು ದಪ್ಪ ಮಾಡಿ, ಬಣ್ಣದ ಚಿತ್ರದ ಮೇಲೆ ಬಿಳಿ ಅಕ್ಷರ ಹಾಕುವ ಫ್ಯಾಷನ್ ಬಿಟ್ಟರೆ ಪೊರೆ ಬಂದ ಕಣ್ಣಿಗೆ ಎಷ್ಟೋ ಉಪಕಾರ. ಪ್ರಕಾಶಕರು ಯೋಚಿಸುವುದು ಮಗುವಿನ ಕಣ್ಣಿನ ಬಗ್ಗೆ ಮಾತ್ರ.

ಮಾರುಕಟ್ಟೆ ಒಪ್ಪುವುದಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ. ಕೊನೆಯಲ್ಲಿ ನೀತಿ ಇದೆಯೇ ಎಂದು ಹಿಂದಿನ ಪುಟ ತಿರುವಿ ನೋಡಿ ಕೊಳ್ಳುವ ತಂದೆತಾಯಿಯರೇ ಹೆಚ್ಚು. ಆದರೆ ಕನ್ನಡದಲ್ಲಿ ಮಕ್ಕಳ ಪುಸ್ತಕಕ್ಕೆ ದೊಡ್ಡ ಗಿರಾಕಿ ಎಂದರೆ ಸರ್ಕಾರ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು, ಈಗಿನ ಅರಿವು ಕೇಂದ್ರಗಳು, ಐದು ಸಾವಿರಕ್ಕೂ ಹೆಚ್ಚಿವೆ. ಮಕ್ಕಳನ್ನು ಅಲ್ಲಿಗೆ ಕರೆತರಲು 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮವೂ ಶುರುವಾಯಿತು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ 2015ರಿಂದ ಕನ್ನಡದಲ್ಲೂ ಉಚಿತವಾಗಿ ಪುಸ್ತಕ ಓದಬಹುದು, ಮುಕ್ತ ಪರವಾನಗಿ ಇರುವುದರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. ಅಂದರೆ ಕೊಳ್ಳಲು ಜಾಗವಿದೆ, ಅಚ್ಚಿಗೆ ದಾರಿಯಿದೆ. ಇಲ್ಲದಿರುವುದು ಕನ್ನಡದಲ್ಲೇ ಹುಟ್ಟಿದ ಅಜ್ಜಿ. ಮಲಯಾಳಿ ಅಮ್ಮಚ್ಚಿಯನ್ನು ಕರೆಸಿಕೊಂಡದ್ದು ತಪ್ಪೇನಲ್ಲ, ಅವಳಿಂದ ಉಪಕಾರವೇ ಆಗಿದೆ. ಆದರೆ ಯಾದಗಿರಿಯ ಅರಿವು ಕೇಂದ್ರಕ್ಕೆ ಬರುವ ಹುಡುಗಿ, ಶಾಲೆಯಿಂದ ಬಂದ ಮೇಲೆ ಅಜ್ಜಿಯ ಔಷಧದ ಚೀಟಿ ಓದಿ ಹೇಳುವವಳು, ಅಪ್ಪ ಅಮ್ಮನಿಗೆ ಫೋನು ಹಚ್ಚಿಕೊಡುವವಳು, ಪಿಂಚಣಿ ಬಂತೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿಕೊಂಡು ಬರುವವಳು, ಅವಳಿಗೆ ತನ್ನದೆಂದು ಎತ್ತಿಕೊಳ್ಳಲು ಅಲ್ಲೊಂದು ಪುಸ್ತಕ ಬೇಕು. ಮುಂದಿನ ಖರೀದಿಯ ಪಟ್ಟಿ ತಯಾರಿಸುವ ಸಮಿತಿ, ಕಥೆ ಹೇಳುವ ಅಜ್ಜಿಯರ ಇನ್ನೊಂದು ಕಟ್ಟು ತರಿಸುವ ಬದಲು, ಅಂಥದೊಂದನ್ನು ಬರೆಯಿಸಲು ಆ ಕಡೆಯ ಲೇಖಕರನ್ನೂ ಚಿತ್ರಕಾರರನ್ನೂ ಕೇಳಬಹುದು.